ಗ್ರೀಕ್ ನಿಘಂಟಿನ ನರಿ

ಕೂಡ್ಲಿಗಿಯ ಪಕ್ಕೀರಪ್ಪನವರಿಗೆ ಗ್ರೀಕ್ ಭಾಷೆ ಗಂಟುಬಿದ್ದದ್ದು ಅಂಚೆ ಕಚೇರಿಯಲ್ಲಿ. ವಾರಸುದಾರರು ಬಾರದ ಪಾರ್ಸೆಲ್ಲುಗಳನ್ನು ಒಮ್ಮೆ ಹರಾಜು ಹಾಕಿದರು. ಒಳಗೆ ಗೋಡೆ ಗಡಿಯಾರ ಇರಬಹುದೆಂದು ಆಸೆಪಟ್ಟು ಗುಮಾಸ್ತ ಪಕ್ಕೀರಪ್ಪ ಕೂಗಿದ ಕಟ್ಟಿನಲ್ಲಿ ದಪ್ಪನೆಯ ಗ್ರೀಕ್ ನಿಘಂಟಿತ್ತು, ಅರ್ಥವೆಲ್ಲ ಇಂಗ್ಲಿಷಿನಲ್ಲಿ. ಬೇರೆಯವರಾಗಿದ್ದರೆ ಬಾಗಿಲು ಬಡಿಯದಂತೆ ಅಡ್ಡ ಇಡುತ್ತಿದ್ದರು. ಇವರು ಓದಲು ಕುಳಿತರು. ಅಲ್ಲಿಂದಾಚೆ ಊರಿಗೆ ನೆಮ್ಮದಿಯಿಲ್ಲ. ತಂತಿ ಬಂದಿದೆಯೆಂದು ಗಡಗಡ ನಡುಗುತ್ತ ಬಂದವರಿಗೂ ಮೊದಲು “ಟೆಲಿ ಅಂದ್ರ ದೂರ, ಗ್ರಾಮ್ಮ ಅಂದ್ರ ಬರವಣಗಿ” ಎಂಬ ಪಾಠ. ಸತ್ತವರು ಯಾರೆಂಬುದು ಆಮೇಲೆ. ಇಷ್ಟಾಗಿಯೂ ಇಪ್ಪತ್ತು ವರ್ಷದಲ್ಲಿ ಒಬ್ಬನಾದರೂ ತಾನಾಗಿ ಬಂದು ಒಂದು ಪದದ ಅರ್ಥ ಕೇಳಿರಲಿಲ್ಲ. ನಿವೃತ್ತರಾದ ಮೇಲೆ ಆ ನೋವು ಅವರಿಗೆ ಇನ್ನೂ ಹೆಚ್ಚಾಗಿತ್ತು.

ಕೇಳುವವನು ಬಂದ, ಆದರೆ ಬರಬಾರದ ಹೊತ್ತಿನಲ್ಲಿ ಬಂದ. ೧೯೭೮ರಲ್ಲಿ ತಮ್ಮ ತಂಗಿಯ ಮಗ ಸುಂಕಪ್ಪನಿಗೆ ಉಜ್ಜಿನಿಯ ಕುರಿ ಸಾಕುವ ಗಾದೆಪ್ಪನ ಮಗಳು ಭರಮಮ್ಮನನ್ನು ನೋಡಿದ್ದರು. ಸುಂಕಪ್ಪ ಹಡಗಲಿಯಲ್ಲಿ ಸರ್ಕಾರಿ ಗುಮಾಸ್ತ. ಸಂಬಳವೂ ಚೆನ್ನ, ಸ್ವಭಾವವೂ ಚೆನ್ನ. ಆದರೆ ಹುಡುಗಿಯ ಅಜ್ಜಿ ಮರುಳಸಿದ್ದಮ್ಮನ ಕಾಲಿಗೆ ಬೀಳುವಾಗ ಟೋಪಿ ಜಾರಿ, ತಲೆಯ ಹಿಂಭಾಗದಲ್ಲಿ ಅಂಗೈಯಗಲ ಬೋಳು ಕಂಡುಬಿಟ್ಟಿತು. ಅದಕ್ಕೂ ಮೊದಲು ಮೂರು ಮನೆಯವರು ಇದೇ ಬೋಳು ನೋಡಿ ಬೇಡವೆಂದಿದ್ದರು. “ಇದೂ ತಪ್ಪಿದ್ರ ನಾ ಇನ್ನ ಯಾವ ಮನಿ ಹೊಸ್ತಿಲಾನೂ ತುಳಿಯಂಗಿಲ್ಲ, ಮಾವ” ಎಂದು ಹುಡುಗ ಹೇಳಿಬಿಟ್ಟಿದ್ದ.

ಗಾದೆಪ್ಪ ಡಾಕ್ಟರ ಚೀಟಿ ತರಲು ಹೇಳಿದ್ದ. ಚೀಟಿ ಹಿಡಿದು ಸೋದರಮಾವ, ಅಳಿಯ ಇಬ್ಬರೂ ಮತ್ತೆ ಉಜ್ಜಿನಿಗೆ ಹೋದರು. ನಿಘಂಟೂ ಚೀಲದಲ್ಲಿತ್ತು, ಅದನ್ನು ಬಿಟ್ಟು ಪಕ್ಕೀರಪ್ಪ ಸಂತೆಗೂ ಹೋದವರಲ್ಲ.

ಸುಂಕಪ್ಪ ಚೀಟಿ ಓದಿದ: “ಅಲೋಪೇಶಿಯಾ. ಅಂಟುರೋಗವಲ್ಲ.”

“ಅಂಟಂಗಿಲ್ಲ, ಅದೊಂದು ಚಲೋ ಆತು” ಎಂದ ಗಾದೆಪ್ಪ. “ಆದ್ರ ಆ ಹೆಸರೇನ್ರಿ ಅದು? ಇಂಗ್ಲೀಷೇನು?”

“ಗ್ರೀಕು!” ಎಂದರು ಪಕ್ಕೀರಪ್ಪ. ಬಾಯಿ ಕಟ್ಟಿಕೊಳ್ಳಲು ಆಗಲಿಲ್ಲ.

“ಹಂಗಾರ ಅದರ ಅರ್ಥ ಹೇಳ್ರಿ. ಅರ್ಥ ತಿಳೀದ ರೋಗಕ್ಕ ನಾ ಮಗಳ್ನ ಕೊಡಂಗಿಲ್ಲ.”

ಇಪ್ಪತ್ತು ವರ್ಷ ಕಾದಿದ್ದ ಮಾತು! ಪಕ್ಕೀರಪ್ಪನವರಿಗೆ ಕಣ್ಣು ಮಂಜಾಯಿತು. ಕನ್ನಡಕ ಒರೆಸಿ ಪುಟ ತೆರೆದರು. ಪದ ಸಿಕ್ಕಿತು, ಆದರೆ ಓದಿ ಹೇಳುವಂತಿರಲಿಲ್ಲ. ಅಲೋಪೆಕ್ಸ್ ಎಂದರೆ ನರಿ. ಅಲೋಪೆಕಿಯಾ ಎಂದರೆ ನರಿಗೆ ಕಜ್ಜಿ ಹತ್ತಿ ಕೂದಲು ಉದುರುವ ರೋಗ. ಕುರಿ ಸಾಕುವವರ ಪಡಸಾಲೆಯಲ್ಲಿ ಕುಳಿತು ನರಿಯ ಹೆಸರೆತ್ತುವುದೇ? ಗ್ರೀಕಿನಲ್ಲಿ ಹಕಾರಕ್ಕೆ ಬೇರೆ ಅಕ್ಷರವಿಲ್ಲದ್ದರಿಂದ ಅದೇ ಪುಟದಲ್ಲಿ ಕೊಂಚ ಕೆಳಗೆ ‘ಹಾಲೋಸ್’ ಎಂಬ ಪದ ಕಾಣಿಸಿತು: ಒಕ್ಕಣೆಯ ಕಣ. ದುಂಡನೆಯ ಕಣ, ಅದರ ನಡುವೆ ರಾಶಿ, ರಾಶಿಗೆ ಪೂಜೆ! ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ಹುಡುಕಿದರೂ ತಮ್ಮ ತಪ್ಪು ಹಿಡಿಯುವ ಗ್ರೀಕ್ ಪಂಡಿತನಿಲ್ಲ. ಬೆರಳು ತಾನಾಗಿ ಎರಡಂಗುಲ ಕೆಳಗೆ ಸರಿಯಿತು.

“ಕಣ” ಎಂದರು. “ದುಂಡಗಿನ ಕಣ. ರಾಶಿ ಮಾಡೋ ಜಾಗ. ಭಾಳ ಶುಭ.”

ಗಾದೆಪ್ಪನ ಮುಖ ಸಪ್ಪಗಾಯಿತು. “ಕಣ ಅಂದ್ರ ಬಡಿದು, ಸಗಣಿ ಸಾರಿಸಿ ಗಟ್ಟಿ ಮಾಡಿದ ನೆಲ. ಅಲ್ಲಿ ಒಂದು ಹುಲ್ಲೆಸಳು ಹುಟ್ಟಂಗಿಲ್ಲ. ಅಂದ್ರ ಈ ತಲಿ ಜಲ್ಮಪೂರ್ತಿ ಹಿಂಗ ಅಂದಂಗಾತು. ಚಾ ಕುಡ್ದು ಹೊರಡ್ರಿ.”

ಸುಂಕಪ್ಪ ತಲೆ ತಗ್ಗಿಸಿದ. ಪಕ್ಕೀರಪ್ಪ ನಿಘಂಟು ಮುಚ್ಚಿದರು. ಜನ್ಮದಲ್ಲಿ ಒಬ್ಬ ಅರ್ಥ ಕೇಳಿದ, ಅವನಿಗೇ ಸುಳ್ಳು ಹೇಳಿದೆನಲ್ಲ! ಅದೂ ಉಪಯೋಗಕ್ಕೆ ಬಾರದ ಸುಳ್ಳು!

“ತಪ್ಪಾತ್ರಿ” ಎಂದರು. “ಬೇಕಂತಲೇ ಸುಳ್ಳು ಹೇಳಿದೆ. ಅದು ಕಣ ಅಲ್ಲ. ನರಿ.”

“ನರಿ?” ಗಾದೆಪ್ಪ ಎದ್ದೇ ನಿಂತ. “ಮೊನ್ನಿ ಎರಡು ಮರಿ ಕಚ್ಚಿಕೊಂಡು ಹೋಗೇತಿ. ಅದನ್ನ ಅಳಿಯ ಅಂತ ಕರೀಲೇನು?”

ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಮರುಳಸಿದ್ದಮ್ಮ ಕೈ ನಿಲ್ಲಿಸಿದಳು. “ಕುಂದ್ರಲೇ ಗಾದೆ. ಕುರಿಗೆ ಚಲೋ ರೇಟು ಸಿಕ್ಕ ದಿನ ಏನಂತಿ? ‘ಇವತ್ತ ನರಿ ಮುಖ ನೋಡಿ ಎದ್ದಿದ್ದೆ’ ಅಂತ ಊರೆಲ್ಲ ಸಾರ್ತಿ. ನಿನ್ನ ಮಗಳಿಗೆ ದಿನಾ ಬೆಳಿಗ್ಗೆ ಆ ಭಾಗ್ಯ ಐತಿ. ಸುಮ್ನ ಕೊಡು.”

“ಮುಖ ಎಲ್ಲೈತಬೇ? ಇವನ ನರಿ ಇರೋದು ಹಿಂದ, ಬೋಳಿನ್ಯಾಗ!”

“ಹಿಂದಿಂದು ನಾ ನೋಡಿಲ್ಲಪ್ಪ” ಎಂಬ ದನಿ ಅಡುಗೆಮನೆಯ ಬಾಗಿಲಿನಿಂದ ಬಂತು. ಭರಮಮ್ಮ ಹೊಸ್ತಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಚಹದ ತಟ್ಟೆಯಿತ್ತು. “ಮುಖ ನೋಡೀನಿ. ನನಗ ಬೇಕು.”

ಈ ಮಾತಿನ ಅರ್ಥ ಯಾರೂ ಕೇಳಲಿಲ್ಲ. ಸುಂಕಪ್ಪ ಅಂಗೈಯಿಂದ ಕಣ್ಣೊರೆಸಿಕೊಂಡ. ಗಾದೆಪ್ಪ ಮೊದಲು ಮಗಳನ್ನು, ಆಮೇಲೆ ತಾಯಿಯನ್ನು ನೋಡಿ ಮೆಲ್ಲಗೆ ಕುಳಿತುಕೊಂಡ.

“ಚಾ ಅಲ್ಲಿಡು” ಎಂದ ಮಗಳಿಗೆ. “ಸಕ್ರಿ ಡಬ್ಬಿ ತಗೊಂಡು ಬಾ, ಎಲ್ಲಾರ ಬಾಯಿಗೂ ಹಾಕು.”