ಸಭೆಯ ಗೌನು

ಟೈಲರಕ್ಕನ ಅಂಗಡಿಗೆ ಬರುವ ಹೊಸಬರು ಮೊದಲು ಗಾಜಿನ ಹಿಂದೆ ನಿಂತ ಗೊಂಬೆಯನ್ನು ನೋಡುತ್ತಿದ್ದರು, ಆಮೇಲೆ ಟೈಲರಕ್ಕನನ್ನು. ಗೊಂಬೆಯ ಮೈಮೇಲೆ ಮಣಿ, ಮುತ್ತು, ಬೆನ್ನು ಪೂರ್ತಿ ತೆರೆದ ಗೌನು. ಟೈಲರಕ್ಕನ ಮೈಮೇಲೆ ಕುತ್ತಿಗೆವರೆಗೆ ಗುಂಡಿ ಹಾಕಿದ ಬೂದು ಬಟ್ಟೆ, ತಲೆಗೊಂದು ಬಿಳಿ ವಸ್ತ್ರ, ಬರಿ ಕಿವಿ.

"ಅದನ್ನ ಹೊಲಿದಿದ್ದು ನೀವೇನಾ?" ಎಂದು ಕೇಳಿದವರಿಗೆ ಅವಳು ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆಯದೆ ಉತ್ತರ ಕೊಡುತ್ತಿದ್ದಳು: "ಡಾಕ್ಟರು ತಾವು ಬರೆದ ಮಾತ್ರೆನೆಲ್ಲ ತಾವೇ ನುಂಗ್ತಾರಾ?"

ಅವಳು ಹೋಗುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಪುಟ್ಟ ಪ್ರಾರ್ಥನಾಮಂದಿರಕ್ಕೆ. ಅಲ್ಲಿಯ ಹೆಂಗಸರು ಒಡವೆ ಹಾಕುತ್ತಿರಲಿಲ್ಲ, ಮುಖಕ್ಕೆ ಬಣ್ಣ ಬಳಿಯುತ್ತಿರಲಿಲ್ಲ. "ನಿಮ್ಮಲ್ಲಿ ಮದುವೆ ಯಾವುದು, ಮಾಮೂಲಿ ಭಾನುವಾರ ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಪಕ್ಕದ ಹೂವಿನಂಗಡಿಯವನು ರೇಗಿಸುತ್ತಿದ್ದ. ಗೊತ್ತಾಗುತ್ತಿದ್ದದ್ದು ಒಂದೇ ಗುರುತಿನಿಂದ. ಆ ಮಂದಿರದ ಸಭೆಗೆ ಸೇರಿದ ಒಂದು ಬಿಳಿ ಗೌನು ಇತ್ತು. ಮುಚ್ಚಿದ ಕುತ್ತಿಗೆ, ಮಣಿಕಟ್ಟಿನವರೆಗೆ ತೋಳು, ಹಿಂದೆ ನೆಲದ ಮೇಲೆ ಎರಡು ಮೊಳ ಎಳೆಯುವ ಅಂಚು. ಆ ಅಂಚನ್ನು ಹೆಂಗಸರು 'ಬಾಲ' ಎನ್ನುತ್ತಿದ್ದರು. ಮೂವತ್ತೊಂದು ವರ್ಷಗಳಿಂದ ಅಲ್ಲಿಯ ಮದುವಣಗಿತ್ತಿಯರೆಲ್ಲ ಅದನ್ನೇ ತೊಟ್ಟು ನಿಂತಿದ್ದರು. ತೊಡಲೇಬೇಕೆಂಬ ಕಾನೂನೇನೂ ಇರಲಿಲ್ಲ. ಕಂಪನಿ ಮಾಲೀಕನ ಮಗಳೂ ಅದರಲ್ಲೇ, ಕಂಪನಿಯ ನೆಲ ಒರೆಸುವವಳ ಮಗಳೂ ಅದರಲ್ಲೇ ನಿಂತರೆ ಯಾರ ಮನೆಯದು ಎಷ್ಟು ಎಂದು ಅಳೆಯುವ ಕಣ್ಣಿಗೆ ಕೆಲಸವಿಲ್ಲ, ಅಷ್ಟೆ.

ಒಂದೇ ಗೌನು ಅಷ್ಟು ಮೈಗೆ ಹಿಡಿಯುವುದು ಹೇಗೆ? ಎರಡೂ ಪಕ್ಕದ ಹೊಲಿಗೆಯ ಒಳಗೆ ನಾಲ್ಕು ನಾಲ್ಕು ಬೆರಳು ಬಟ್ಟೆ ಬಿಟ್ಟಿತ್ತು. ಸಣ್ಣ ಹುಡುಗಿ ಬಂದರೆ ಒಳಗೆ ಹಿಡಿಯುವುದು, ದಪ್ಪದವಳು ಬಂದರೆ ಬಿಚ್ಚುವುದು. ಹದಿನೆಂಟು ವರ್ಷಗಳಿಂದ ಆ ಹಿಡಿಯುವ ಬಿಚ್ಚುವ ಕೆಲಸ ಟೈಲರಕ್ಕನದು.

ಅವಳ ಮಗಳು ಆಸ್ಪತ್ರೆಯಲ್ಲಿ ನರ್ಸು. ಮದುವೆ ಗೊತ್ತಾದ ವಾರ ಮಧ್ಯಾಹ್ನದ ಪಾಳಿ ಮುಗಿಸಿ ಅಂಗಡಿಗೆ ಬಂದಾಗ, ತಾಯಿ ಮೇಜಿನ ಮೇಲೆ ಬಿಳಿ ಸ್ಯಾಟಿನ್ನಿನ ಥಾನು ಬಿಚ್ಚಿ ಹಾಸಿದ್ದಳು.

"ಹೆದರಬೇಡ, ಮಣಿ ಗಿಣಿ ಏನೂ ಇಲ್ಲ," ಎಂದಳು ತಾಯಿ. "ತೋಳು ಉದ್ದ, ಕುತ್ತಿಗೆ ಮುಚ್ಚಿರುತ್ತೆ. ಪಾಸ್ಟರಮ್ಮನೂ ಬೆರಳು ತೋರಿಸೋ ಹಾಗಿಲ್ಲ. ಊರಿನ ಹುಡುಗಿಯರಿಗೆಲ್ಲ ಹೊಲಿದು ಹೊಲಿದು ಕಣ್ಣು ಮಂಜಾಯ್ತು. ನಿನಗೊಂದು ಬೇಡ್ವಾ?"

ಮಗಳು ಬಟ್ಟೆಯನ್ನು ಮುಟ್ಟಿ ನೋಡಿದಳು. ಅವಳಿಗೂ ಆಸೆ ಇರಲಿಲ್ಲ ಎಂದಲ್ಲ. "ಚೆನ್ನಾಗಿದೆ ಅಮ್ಮ. ಆದ್ರೆ ನಾನು ಸಭೆ ಗೌನೇ ಹಾಕ್ಕೋತೀನಿ."

"ಟೈಲರ್ ಮಗಳು ಹಳೇ ಗೌನಲ್ಲಿ ನಿಂತಳು ಅಂತಾರೆ."

"ನಮ್ಮ ವಾರ್ಡಲ್ಲಿ ಹಾಸಿಗೆ ಬಟ್ಟೆ ಬದಲಿಸೋ ಹುಡುಗಿ ಹೋದ ವರ್ಷ ಅದನ್ನೇ ಹಾಕಿ ಮದುವೆಯಾದಳು. ನಾನು ಹೊಸದು ಹಾಕಿದ್ರೆ ಅವಳು ಹಾಕಿದ್ದು ಹಳೇದು ಅಂತ ಆಗುತ್ತೆ. ಇವತ್ತಿನವರೆಗೂ ಅದು ಯಾರಿಗೂ ಹಳೇದಾಗಿಲ್ಲ."

ತಾಯಿ ಥಾನನ್ನು ಸುತ್ತಿಟ್ಟಳು. ಹುಡುಗಿಗೆ ಮಾತು ಕಲಿಸಿದವಳು ತಾನೇ, ಯಾರನ್ನು ಬೈಯುವುದು? ಒಳಗೊಳಗೇ ಹೆಮ್ಮೆಯೂ ಆಯಿತು, ಬೇಸರವೂ ಆಯಿತು.

ಗೌನು ಅಂಗಡಿಗೆ ಬಂತು. ಮಗಳು ಬಳ್ಳಿಯಂಥವಳು. ಪಕ್ಕಗಳನ್ನು ಒಳಗೆ ಹಿಡಿದರೆ ಬಿಟ್ಟ ಬಟ್ಟೆಯೆಲ್ಲ ಮಡಿಕೆ ಮಡಿಕೆಯಾಗಿ ಸೊಂಟದ ಬಳಿ ಉಬ್ಬಿ ನಿಂತಿತು. ಎಲ್ಲ ಸಣ್ಣ ಹುಡುಗಿಯರಿಗೂ ಅದು ಹಾಗೇ ನಿಂತಿತ್ತು, ಯಾರೂ ತಕರಾರು ಮಾಡಿರಲಿಲ್ಲ. ಟೈಲರಕ್ಕ ಇಸ್ತ್ರಿ ಒತ್ತಿ ನೋಡಿದಳು, ಒದ್ದೆ ಬಟ್ಟೆ ಹಾಕಿ ಒತ್ತಿ ನೋಡಿದಳು. ಆಮೇಲೆ ಕತ್ತರಿ ತೆಗೆದುಕೊಂಡು ಒಳಗಿನ ಬಟ್ಟೆಯನ್ನು ಅರ್ಧ ಬೆರಳಿಗೆ ಇಳಿಸಿಬಿಟ್ಟಳು. ತೋಳಿನದನ್ನೂ ಹಾಗೇ. ಹೊರಗೆ ಒಂದು ಮಣಿ ಅಂಟಿಸಲಿಲ್ಲ, ಕುತ್ತಿಗೆ ಒಂದು ಗೆರೆ ಕೆಳಗಿಳಿಸಲಿಲ್ಲ. ಅವಳ ಶೋಕಿ ಗೌನಿನ ಒಳಮೈಯಲ್ಲಿ ಕೂತಿತು, ಯಾರ ಕಣ್ಣಿಗೂ ಬೀಳದ ಕಡೆ.

ಮದುವೆಯ ದಿನ ಗೌನು ಮಗಳ ಮೇಲೆ ನೀರಿನಂತೆ ಇಳಿದಿತ್ತು. "ಅದೇ ಗೌನಾ ಇದು?" ಎಂದು ನಾಲ್ಕು ಜನ ಕೇಳಿದರು. ಟೈಲರಕ್ಕ ತಲೆ ಬಗ್ಗಿಸಿ, "ಅದೇ, ಅದೇ," ಎಂದಳು. ಆ ದಿನ ಊಟ ಕೂಡ ರುಚಿಯಾಗಿತ್ತು.

ಎರಡು ತಿಂಗಳಾದ ಮೇಲೆ ಹಾಸ್ಟೆಲಿನ ಅಡಿಗೆಯವಳು ಅಂಗಡಿಯ ಬಾಗಿಲಲ್ಲಿ ನಿಂತಳು. ನಲವತ್ತು ದಾಟಿದವಳು, ಬಾಗಿಲಿನಷ್ಟೇ ಅಗಲ. ಇನ್ನೂರು ಹುಡುಗಿಯರಿಗೆ ಎರಡು ಹೊತ್ತು ಬೇಯಿಸಿ ಹಾಕುವವಳು. ಅದೇ ಹಾಸ್ಟೆಲಿನ ಗೇಟು ಕಾಯುವ, ಹೆಂಡತಿ ಸತ್ತ ಗಂಡಸು ಅವಳನ್ನು ಕೇಳಿದ್ದ. ಮದುವೆಗೆ ಹನ್ನೆರಡು ದಿನ ಉಳಿದಿತ್ತು.

"ಟೇಪು ಸಾಲದಿದ್ರೆ ಹಗ್ಗ ತಂದಿದ್ದೀನಿ ಟೈಲರಕ್ಕ," ಎಂದು ನಗುತ್ತಲೇ ಎರಡೂ ಕೈ ಎತ್ತಿ ನಿಂತಳು.

ಟೇಪು ಸಾಕಾಯಿತು. ಗೌನು ಸಾಲಲಿಲ್ಲ. ಒಂಬತ್ತು ಇಂಚು ಬೇಕು. ಮೊದಲಿನ ಬಟ್ಟೆ ಒಳಗಿದ್ದಿದ್ದರೆ ಬಿಚ್ಚಿ, ಇಸ್ತ್ರಿ ಹಾಕಿ, ಮತ್ತೆ ಹೊಲಿದು ಸಂಜೆಯೊಳಗೆ ಕೊಡುವ ಕೆಲಸ. ಟೈಲರಕ್ಕ ಸುಮ್ಮನೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಒಂದು ಮಾತು ಹೇಳ್ಲಾ? ನಿನಗೆ ನಾನೇ ಹೊಸದು ಹೊಲಿದು ಕೊಡ್ತೀನಿ. ಕಾಸು ಬೇಡ. ಒಳ್ಳೇ ಸ್ಯಾಟಿನ್ ಇದೆ."

ಅಡಿಗೆಯವಳ ನಗು ನಿಧಾನವಾಗಿ ಆರಿತು. "ಹೊಸದು ಬೇಡ ಅಕ್ಕ. ಹೊಸದರಲ್ಲಿ ಹೋದ್ರೆ, ಇವಳಿಗೆ ಅದು ಸಾಲಲಿಲ್ಲ ಅಂತ ಬಾಗಿಲಲ್ಲೇ ಗೊತ್ತಾಗುತ್ತೆ. ಇಪ್ಪತ್ತು ವರ್ಷ ಹಿಂದಿನ ಸಾಲಲ್ಲಿ ಕೂತು ಅದನ್ನ ನೋಡಿದ್ದೀನಿ. ನನ್ನ ಸರದಿ ಬರಲ್ಲ ಅಂದ್ಕೊಂಡಿದ್ದೆ, ಬಂತು." ಆಮೇಲೆ ಟೈಲರಕ್ಕನ ಮುಖ ನೋಡಿ ತಾನೇ ಸಮಾಧಾನ ಹೇಳತೊಡಗಿದಳು. "ನೀವು ಬೇಜಾರ್ ಮಾಡ್ಕೋಬೇಡಿ. ಈ ಮೈ ನಾನು ತಿಂದು ಬೆಳೆಸಿದ್ದು, ನೀವೇನು ಮಾಡ್ತೀರಾ."

ಬಟ್ಟೆ ಹಳತಾಯಿತು, ಬಿಚ್ಚಿದರೆ ಹರಿಯುತ್ತದೆ ಎಂಬ ಮಾತು ಟೈಲರಕ್ಕನ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ.

"ತಪ್ಪು ನಿನ್ನ ಮೈದಲ್ಲ," ಎಂದಳು. "ನನ್ನ ಕತ್ತರಿದು. ಮಗಳಿಗೆ ಚೆಂದ ಕೂರಲಿ ಅಂತ ಒಳಗಿನ ಬಟ್ಟೆ ಕತ್ತರಿಸಿ ಎಸೆದುಬಿಟ್ಟೆ."

ಅಡಿಗೆಯವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ತನಕ ಹೋದವಳು ತಿರುಗಿ, "ಚೆನ್ನಾಗೇ ಕೂತಿತ್ತು ಅಕ್ಕ. ನಾನೂ ನೋಡ್ದೆ," ಎಂದಳು. ಬೈದಿದ್ದರೆ ಟೈಲರಕ್ಕನಿಗೆ ಹಗುರವಾಗುತ್ತಿತ್ತು.

ಅವಳು ಹೋದ ಮೇಲೆ ಗೌನನ್ನು ಮೇಜಿನ ಮೇಲೆ ಹರವಿ, ಹೊಸ ಸ್ಯಾಟಿನ್ನನ್ನು ಪಕ್ಕದಲ್ಲಿಟ್ಟು ನೋಡಿದಳು. ಗೌನು ವರ್ಷ ಕಳೆದಂತೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಹೊಸದನ್ನು ಸೇರಿಸಿದರೆ ಮುದುಕಿಯ ಬಾಯಿಗೆ ಕಟ್ಟಿಸಿದ ಹಲ್ಲಿನ ಹಾಗೆ ಎದ್ದು ಕಾಣುತ್ತದೆ. ಅದೇ ಬಣ್ಣದ, ಅಷ್ಟೇ ವಯಸ್ಸಿನ ಬಟ್ಟೆ ಲೋಕದಲ್ಲಿ ಒಂದೇ ಕಡೆ ಇತ್ತು, ಮೇಜಿನಿಂದ ಕೆಳಗೆ ಇಳಿಬಿದ್ದ ಬಾಲದಲ್ಲಿ. ಎರಡು ಪಕ್ಕಕ್ಕೂ, ತೋಳಿಗೂ ಆಗಿ ಇನ್ನೂ ಉಳಿಯುವಷ್ಟು. ಕೈ ಕತ್ತರಿಯ ಕಡೆ ಹೋಯಿತು. ಅಲ್ಲೇ ನಿಂತಿತು. ಒಂದು ಸಲ ಯಾರನ್ನೂ ಕೇಳದೆ ಕತ್ತರಿಸಿದ್ದಾಗಿತ್ತು.

ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರು ಉಳಿದರು. ಟೈಲರಕ್ಕ ಎದ್ದು ನಿಂತು, ತಾನು ಮಾಡಿದ್ದನ್ನು ಸುತ್ತುಬಳಸದೆ ಹೇಳಿದಳು. ಬಾಲ ಕತ್ತರಿಸಲು ಅಪ್ಪಣೆ ಕೇಳಿದಳು. ಗೌನಿನ ಕೆಲಸ ಇನ್ನು ಬೇರೆ ಯಾರಿಗಾದರೂ ಕೊಡುವುದಾದರೆ ಅದೂ ಸರಿ ಎಂದಳು. ಹದಿನೆಂಟು ವರ್ಷದ ಹೆಸರು ಎರಡು ನಿಮಿಷದಲ್ಲಿ ನೆಲಕ್ಕೆ ಬಿತ್ತು ಎಂದು ಅವಳಿಗನಿಸಿತು. ಹಿಂದಿನ ಸಾಲಿನಲ್ಲಿ ಅಡಿಗೆಯವಳು ತಲೆವಸ್ತ್ರ ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು.

ನರ್ಸು ಮಗಳು ಎದ್ದಳು. "ಅಮ್ಮ ಕತ್ತರಿಸಿದ್ದು ನನಗೆ ಗೊತ್ತಿರಲಿಲ್ಲ. ಆದ್ರೆ ಚೆನ್ನಾಗಿ ಕೂತಿದೆ ಅಂತ ಕನ್ನಡಿ ಮುಂದೆ ಎರಡು ಸಲ ತಿರುಗಿದ್ದು ನಾನೇ."

ಪಾಸ್ಟರಮ್ಮ ಕನ್ನಡಕ ತೆಗೆದು ಒರೆಸಿದರು. ಎಪ್ಪತ್ತರ ಹತ್ತಿರದ ಹೆಂಗಸು, ಏಳು ವರ್ಷದಿಂದ ಎರಡೇ ಜೊತೆ ಬಟ್ಟೆಯಲ್ಲಿ ಓಡಾಡುವವರು. "ಆ ಬಾಲ ಯಾರದು ಅಂತ ಗೊತ್ತಾ ನಿಮಗೆ?" ಎಂದರು. "ಗೌನು ನನ್ನ ತಂಗಿ ಮದುವೆಗೆ ಹೊಲಿಸಿದ್ದು. ಸಾದಾ ಇರಲಿ ಅಂದಳು ಅವಳು. ಇಷ್ಟಾದ್ರೂ ಇರಲಿ ಅಂತ ಹಠ ಹಿಡಿದು ಬಾಲ ಇಡಿಸಿದ್ದು ನಾನು. ಮೂವತ್ತೊಂದು ವರ್ಷ ನನ್ನ ಶೋಕಿಯನ್ನ ನೀವೆಲ್ಲ ಎಳ್ಕೊಂಡು ಓಡಾಡಿದ್ದೀರಿ. ನಾನು ಬಾಯಿ ಬಿಟ್ಟಿರಲಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಸಾಲಿನ ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ಕತ್ತರಿಸೇ ಮಾರಾಯ್ತಿ. ಪ್ರತಿ ಮದುವೇಲೂ ಯಾರು ಅದನ್ನ ತುಳಿದು ಬೀಳ್ತಾರೋ ಅಂತ ನಾನು ಕಣ್ಣು ಮುಚ್ಚಿಕೊಂಡೇ ಪ್ರಾರ್ಥನೆ ಮಾಡಿದ್ದೀನಿ. ಜನ ಭಕ್ತಿ ಅಂದ್ಕೊಂಡ್ರು."

"ಕೆಲಸ ಬೇರೆಯವರಿಗೆ ಅಂದ್ರಲ್ಲ," ಎಂದಳು ಹಿಂದಿನಿಂದ ಅಡಿಗೆಯವಳು, ವಸ್ತ್ರ ಸರಿಸಿ. "ಬೇರೆ ಯಾರಿಗೂ ನಾನು ಅಳತೆ ಕೊಡಲ್ಲ. ಈ ಸುತ್ತಳತೆ ಊರಿಗೆಲ್ಲ ಗೊತ್ತಾಗೋದು ಬೇಡ."

ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಹಳೆಯ ಸ್ಯಾಟಿನ್ನು ಸೂಜಿಗೆ ಹೆದರುವ ಬಟ್ಟೆ, ಯಂತ್ರಕ್ಕೆ ಕೊಡದೆ ಕೈಯಲ್ಲೇ ಹೊಲಿದಳು.

ಮದುವೆಯ ಬೆಳಗ್ಗೆ ಅಡಿಗೆಯವಳು ಆ ಗೌನಿನಲ್ಲಿ ಬಾಗಿಲು ದಾಟಿ ಬಂದಾಗ ಸಭೆ ಎದ್ದು ನಿಂತಿತು. ಕೈಯಲ್ಲಿ ಹೂವಿಲ್ಲ, ಮುಖದಲ್ಲಿ ಬಣ್ಣವಿಲ್ಲ. ತುಂಬಿದ ಹಡಗು ದಡಕ್ಕೆ ಬರುವ ಹಾಗೆ, ಅವಸರವಿಲ್ಲದೆ ಬಂದಳು. ಗೇಟಿನವನು ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು, ಮಂತ್ರಿ ಬಂದಾಗಲೂ ನಿಲ್ಲದಷ್ಟು ನೆಟ್ಟಗೆ ನಿಂತಿದ್ದ. ಅವಳಿಗಿಂತ ಚೆಲುವೆಯರು ಆ ಗೌನು ತೊಟ್ಟಿದ್ದರು. ಅವಳಷ್ಟು ಹಗುರವಾಗಿ ತೊಟ್ಟವರನ್ನು ಟೈಲರಕ್ಕ ನೋಡಿರಲಿಲ್ಲ.

ಊಟದ ಹೊತ್ತಿಗೆ ಮದುಮಗಳು ಕಾಣಲಿಲ್ಲ. ಟೈಲರಕ್ಕ ಹುಡುಕಿಕೊಂಡು ಹಿಂದಿನ ಅಡಿಗೆಮನೆಗೆ ಹೋದಳು. ಅಲ್ಲಿ ಇಬ್ಬರು ಹುಡುಗಿಯರು ಎತ್ತರದ ಹಲಗೆಯ ಮೇಲಿದ್ದ ದೊಡ್ಡ ತಟ್ಟೆಗಳ ಕಟ್ಟು ಇಳಿಸಲಾರದೆ ಒದ್ದಾಡುತ್ತಿದ್ದರು. ಮದುಮಗಳು ಅವರನ್ನು ಪಕ್ಕಕ್ಕೆ ಸರಿಸಿ, ಎರಡೂ ತೋಳು ಮೇಲೆತ್ತಿದಳು.

ಟೈಲರಕ್ಕ ಕಣ್ಣನ್ನು ಹೊಲಿಗೆಯ ಮೇಲೇ ನೆಟ್ಟಳು. ಕಂಕುಳ ಕೆಳಗಿನ ಹೊಲಿಗೆ ಒಮ್ಮೆ ಬಿಗಿಯಿತು, ತಡೆಯಿತು. ಕಟ್ಟು ಕೆಳಗಿಳಿಯಿತು.

"ಏನಕ್ಕ ಹಾಗೆ ನೋಡ್ತೀರಾ?" ಎಂದಳು ಮದುಮಗಳು ಮುಂಗೈಯಿಂದ ಹಣೆ ಒರೆಸಿಕೊಳ್ಳುತ್ತ. "ಜನ ಹಸಿದಿದ್ದಾರೆ. ತಟ್ಟೆ ಹಿಡೀರಿ."

ಟೈಲರಕ್ಕ ಹಿಡಿದಳು.