ಆ ಪ್ಯಾಂಟಿನ ಮಡಿಕೆ ನಾನೇ ಹೊಲಿದದ್ದು

ನಾನು ಕಾಲಿನಿಂದ ತುಳಿದು ನಡೆಸುವ ಒಂದು ಹೊಲಿಗೆ ಯಂತ್ರ. ಹುಟ್ಟಿದ್ದು ದೂರದ ಲುಧಿಯಾನದ ಒಂದು ಕಾರ್ಖಾನೆಯಲ್ಲಿ. ಎರಕ ಹೊಯ್ದು, ಕಪ್ಪು ಬಣ್ಣ ಬಳಿದು, ಅದರ ಮೇಲೆ ಹೊನ್ನಿನ ಬಣ್ಣದ ಬಳ್ಳಿ ಬರೆದು, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿ ರೈಲು ಹತ್ತಿಸಿದರು. ಹುಬ್ಬಳ್ಳಿಯ ಅಂಗಡಿಯಲ್ಲಿ ಪೆಟ್ಟಿಗೆ ತೆರೆದಾಗ ಮೊದಲು ಕಂಡದ್ದು ಗಂಗಾಬಾಯಿ ಅಕ್ಕೋರ ಕನ್ನಡಕ. ಅವರು ಕನ್ನಡ ಶಾಲೆಯ ಶಿಕ್ಷಕಿ. ರಜೆಯ ದಿನಗಳಲ್ಲಿ ತಮ್ಮ ಕುಪ್ಪಸಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಒಂಬತ್ತು ವರ್ಷ ಅವರ ಕಿಟಕಿಯ ಬಳಿ ಸುಖವಾಗಿದ್ದೆ. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸುವುದು ಆಗದಾದಾಗ, ಆಗಷ್ಟೇ ಅಂಗಡಿ ತೆರೆಯುತ್ತಿದ್ದ ತಮ್ಮ ಹಳೆಯ ವಿದ್ಯಾರ್ಥಿ ಏಕನಾಥನಿಗೆ ನನ್ನನ್ನು ಕೊಟ್ಟುಬಿಟ್ಟರು.

ಏಕನಾಥ ಮಾಳವದೆ ಬೆಣ್ಣೀಹಳ್ಳದ ಬದಿಯ ಒಂದು ತಾಲ್ಲೂಕು ಊರಿನವನು. ಶಿಂಪಿಗರ ಮನೆತನ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಕತ್ತರಿಸಿ ಹೊಲಿದರೆ, ಹೆಂಡತಿ ಇಂದುಬಾಯಿ ಗುಂಡಿ ತೂರುವ ಸೀಳಿಗೆ ಕೈಯಿಂದ ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದಳು. ಏಕನಾಥ ಮಾತು ಕಡಿಮೆಯ ಮನುಷ್ಯ. ಬೇಸರವಾದರೂ ಸಂತೋಷವಾದರೂ ಅದು ನನಗೆ ಅವನ ಪಾದದ ತುಳಿತದಲ್ಲೇ ತಿಳಿಯುತ್ತಿತ್ತು.

ಒಂದು ದೀಪಾವಳಿಯ ಮುಂಚೆ, ಕೆಲಸ ರಾಶಿ ಬಿದ್ದಿದ್ದ ಮಧ್ಯಾಹ್ನ, ಗುರುತಿಲ್ಲದವನೊಬ್ಬ ಎರಡು ಖಾಕಿ ಪ್ಯಾಂಟು ತಂದ.

"ಉದ್ದ ಆಗ್ಯಾವ ಮಾಸ್ತರ, ಕೆಳಗ ಸ್ವಲ್ಪ ಗಿಡ್ಡ ಮಾಡಿಕೊಡ್ರಿ."

ಖಾಕಿ ಎಂದರೆ ಡ್ರೈವರುಗಳು ತೊಡುತ್ತಾರೆ, ಕಾವಲುಗಾರರು ತೊಡುತ್ತಾರೆ. ಏಕನಾಥ ಏನೂ ಕೇಳಲಿಲ್ಲ. ಕೆಳತುದಿಯನ್ನು ಕತ್ತರಿಸದೆ ಒಳಗೆ ಮಡಚಿ, ಕಾಲಿಗೊಂದು ಸುತ್ತು ಹೊಲಿಗೆ ಹಾಕಿ, ಅಂಗಡಿಯ ಹೆಸರಿದ್ದ ಕೈಚೀಲದಲ್ಲಿಟ್ಟು ಕೊಟ್ಟ. ಹತ್ತು ನಿಮಿಷದ ಕೆಲಸ.

ಹದಿನೈದು ದಿನ ಕಳೆದಿರಬೇಕು. ಪೊಲೀಸರ ವೇಷ ಹಾಕಿದ ನಾಲ್ವರು ಹೆದ್ದಾರಿಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಕಾರು ನಿಲ್ಲಿಸಿ, ಹೊಡೆದು, ದೋಚಿಕೊಂಡು ಹೋದರು. ಇಬ್ಬರು ಸಿಕ್ಕಿಬಿದ್ದರು. ಅವರ ಜೀಪಿನಲ್ಲಿ ನಮ್ಮ ಅಂಗಡಿಯ ಚೀಲವೂ ಸಿಕ್ಕಿತು. ದರೋಡೆಕೋರರಿಗೆ ಪೊಲೀಸ್ ಸಮವಸ್ತ್ರ ಹೊಲಿದುಕೊಟ್ಟವನು ಇವನೇ ಎಂದು ಏಕನಾಥನನ್ನು ಹಿಡಿದುಕೊಂಡು ಹೋದರು. ಅರ್ಧ ಹೊಲಿದ ಅಂಗಿಯೊಂದು ನನ್ನ ಸೂಜಿಯ ಕೆಳಗೇ ಉಳಿಯಿತು.

ಆ ಸಂಜೆ ಇಂದುಬಾಯಿಯ ಅಣ್ಣ ವಿಠೋಬ, ಇಟಗಿ ಎಂಬ ವಕೀಲರನ್ನು ಕರೆತಂದ. ವಕೀಲರ ಬಿಳಿ ಅಂಗಿ ಗರಿಗರಿಯಾಗಿತ್ತು. ಅವರು ಕೂಡಲೂ ಇಲ್ಲ.

"ಮೂರ ದಿನದಾಗ ನಿಮ್ಮ ಯಜಮಾನ್ರು ಮನ್ಯಾಗ ಇರತಾರ, ಚಿಂತಿ ಬಿಡ್ರಿ. ದೊಡ್ಡ ಸಾಹೇಬ್ರೆಲ್ಲಾ ನನಗ ಪರಿಚಯ."

ಇಂದುಬಾಯಿ ಸೆರಗಿನ ತುದಿ ಹಿಂಡುತ್ತ ಕೇಳಿದಳು: "ಎಫ್‌ಐಆರ್ ಓದಿದ್ರೇನ್ರಿ?"

"ಅದನ್ನೇನು ಓದೂದು? ಎಲ್ಲಾ ಒಂದ ನಮೂನಿ ಇರತಾವ."

"ಆ ಪ್ಯಾಂಟ್ ಇವರು ಗಿಡ್ಡ ಮಾಡಿಕೊಟ್ಟಿದ್ದು ಖರೇ ಐತ್ರಿ."

"ಛೆ ಛೆ! ಅದನ್ನ ಯಾರ ಮುಂದೂ ಅನಬ್ಯಾಡ್ರಿ. ನಾ ಆ ಮನಷ್ಯಾನ ಮಾರೀನ ನೋಡಿಲ್ಲ ಅನ್ನಲಿ. ಅಷ್ಟ ಸಾಕು."

ಅವರು ಹೋದ ಮೇಲೆ ವಿಠೋಬ, ನಾಳೆ ಬೆಳಿಗ್ಗೆ ವಕಾಲತ್ತಿಗೆ ಏಕನಾಥನ ಸಹಿ ಮಾಡಿಸೋಣ ಎಂದ. ಇಂದುಬಾಯಿ ತಲೆ ಅಲ್ಲಾಡಿಸಿದಳು. ಇಟಗಿಯವರು ಹೊಲದ ಕಾಗದ, ಭಾಗಪತ್ರಗಳ ಕೆಲಸದಲ್ಲಿ ಹೆಸರಾದವರೇ. ಆದರೆ ಇಂಥ ಒಂದು ಕೇಸನ್ನು ಕೊನೆಯವರೆಗೆ ನಡೆಸಿದ್ದಾರೋ ಇಲ್ಲವೋ ಅಣ್ಣನಿಗೇ ಗೊತ್ತಿರಲಿಲ್ಲ. ಅವನು ಸಿಟ್ಟಾಗಿ ಎದ್ದುಹೋದ. ಅತ್ತೆ ತುಳಸಾಬಾಯಿ ಮೂಲೆಯಲ್ಲಿ ಅಳುತ್ತಿದ್ದವಳು ಗದರಿದಳು.

"ನಮ್ಮಂಥವರಿಗೆ ಯಾವ ವಕೀಲ ಆದರೇನವಾ? ಆರಿಸಿಕೊಳ್ಳಾಕ ಇದೇನು ಸೀರಿ ಅಂಗಡಿ ಏನು?"

"ಸೀರಿ ಆಗಿದ್ರ ಬಣ್ಣ ಹೋದ್ರ ಹೋತು ಅಂತ ಬಿಡಬೌದಿತ್ತು, ಅತ್ತೀ. ಇದು ಅವರ ಜೀವನ ಐತಿ."

ಮರುದಿನ ಅವಳು ಅಂಗಡಿಗೆ ಬೀಗ ಹಾಕಿ ಜಿಲ್ಲಾ ನ್ಯಾಯಾಲಯಕ್ಕೆ ಹೋದಳು. ಅದರ ಮರುದಿನವೂ ಹೋದಳು. ಕ್ರಿಮಿನಲ್ ಕೇಸುಗಳು ನಡೆಯುವ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತು, ಯಾರು ಹೇಗೆ ಕೆಲಸ ಮಾಡುತ್ತಾರೆ ಎಂದು ಸುಮ್ಮನೆ ನೋಡಿದಳಂತೆ. ಹೊರಗೆ ಬಂದವರನ್ನು ನಿಲ್ಲಿಸಿ ಕೇಳಿದಳಂತೆ. ಎರಡನೆಯ ಸಂಜೆ, ಏಕನಾಥ ಬಿಟ್ಟುಹೋಗಿದ್ದ ಅಂಗಿಯನ್ನು ನನ್ನ ಮೇಲೆ ಮುಗಿಸುತ್ತ ಅತ್ತೆಗೆ ಹೇಳಿದಳು.

"ಒಬ್ಬರು ಭಾಳ ಜೋರು ಮಾತಾಡಿದ್ರು, ಆದರ ಸಾಕ್ಷಿದಾರ ಹೇಳಿದ್ದು ಅವರ ಕಿವಿಗೇ ಬಿದ್ದಿರಲಿಲ್ಲ. ಇನ್ನೊಬ್ಬರು ಬರೇ ತಾರೀಖ ಕೇಳಿ ಹೋದರು. ಕುರಹಟ್ಟಿ ಅಂತ ವಯಸ್ಸಾದವರೊಬ್ಬರು ಅದಾರ. ದನಿ ಸಣ್ಣದು. ಕಾಗದ ಎಲ್ಲಾ ಓದಿಕೊಂಡು ಬಂದಿದ್ರು. ಏಳೇ ಪ್ರಶ್ನೆ ಕೇಳಿದ್ರು. ಏಳನೇದಕ್ಕ ಸಾಕ್ಷಿದಾರ ನೀರು ಕುಡದ."

ತುಳಸಾಬಾಯಿ ಕಣ್ಣೊರೆಸಿಕೊಂಡು, "ಹಂಗಾದ್ರ ಅವರನ್ನ ಕೇಳು" ಎಂದಳು.

ಅನ್ನದಾನಪ್ಪ ಕುರಹಟ್ಟಿಯವರು ಮೂವತ್ತೊಂದು ವರ್ಷಗಳಿಂದ ಆರೋಪಿಗಳ ಪರ ವಾದಿಸುತ್ತಿದ್ದವರು. ಜಾಗ ನೋಡಬೇಕೆಂದು ಅವರೇ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕುಳಿತು, ಕನ್ನಡಕ ಒರೆಸಿಕೊಂಡು, "ಮೊದಲು ನೀವು ಕೇಳೂದು ಕೇಳ್ರಿ ತಂಗಿ, ಆಮ್ಯಾಲ ನಾ ಕೇಳತೇನಿ" ಎಂದರು.

"ಇಂಥಾ ಕೇಸ್ ನಡಸೀರೇನ್ರಿ?"

"ದರೋಡೆ ಕೇಸ್ ನಲವತ್ತರ ಮ್ಯಾಲೆ ನಡಸೇನಿ. ಗೆದ್ದೇನಿ, ಸೋತೂ ಇದ್ದೇನಿ."

"ಕೋರ್ಟಿಗೆ ನೀವ ಬರತೀರೋ, ಬ್ಯಾರೆಯವರನ್ನ ಕಳಸತೀರೋ?"

"ಸಾಕ್ಷಿ ವಿಚಾರಣಿಗೆ ನಾನ ಇರತೇನಿ. ಬರೇ ತಾರೀಖ ಇದ್ದ ದಿನ ನನ್ನ ಜೂನಿಯರ್ ಬರತಾಳ. ಅದನ್ನೂ ನಿಮಗ ಮೊದಲ ತಿಳಸತೇನಿ."

"ಇವರು ಬಿಡುಗಡಿ ಆಗತಾರೇನ್ರಿ?"

"ಅದನ್ನ ಹೇಳಾಕ ಬರಾಂಗಿಲ್ಲ ತಂಗಿ. ಹೇಳಿದವರನ್ನ ನಂಬಬ್ಯಾಡ್ರಿ. ನಾ ಮಾಡೂ ಕೆಲಸದಾಗ ಕೊರತಿ ಮಾಡಾಂಗಿಲ್ಲ, ಅಷ್ಟ ಹೇಳಬಲ್ಲೆ."

ಆಮೇಲೆ ಅವರ ಸರದಿ. ಆ ಮನುಷ್ಯ ಬಂದ ಹೊತ್ತು, ಅವನ ಮಾತು, ಪ್ಯಾಂಟಿನ ಬಟ್ಟೆ ಹೊಸದೋ ಹಳೆಯದೋ, ದಾರದ ಬಣ್ಣ, ಎಲ್ಲವನ್ನೂ ಕೇಳಿ ಬರೆದುಕೊಂಡರು. ಇಂದುಬಾಯಿ ಅಂಜುತ್ತ, ಗಿಡ್ಡ ಮಾಡಿದ್ದು ನಿಜ, ಅದನ್ನು ಮುಚ್ಚಿಡಬೇಕೇ ಎಂದಳು.

"ಮುಚ್ಚಿಡೂದೇನೈತಿ ಅದರಾಗ? ಟೇಲರ್ ಪ್ಯಾಂಟ್ ಗಿಡ್ಡ ಮಾಡೂದು ಅಪರಾಧ ಅಲ್ಲ. ಸುಳ್ಳು ಹೇಳಿ ಸಿಕ್ಕೊಂಡ್ರ ಮುಂದ ಖರೇ ಹೇಳಿದ್ರೂ ಯಾರೂ ನಂಬಾಂಗಿಲ್ಲ." ಹಾಗೆಂದು ನನ್ನ ಕಡೆ ತಿರುಗಿ, ನನ್ನ ಚಕ್ರವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, "ಇದರಾಗ ಏನೇನು ಹೊಲೀಲಿಕ್ಕೆ ಬರತದ?" ಎಂದು ಕೇಳಿದರು.

ನನಗೆ ಬರುವುದು ಒಂದೇ ವಿದ್ಯೆ, ನೇರ ಹೊಲಿಗೆ. ಇಂದುಬಾಯಿ ಅದನ್ನೇ ಹೇಳಿದಳು. ಅವರು ಅದನ್ನೂ ಬರೆದುಕೊಂಡರು.

ನಾಲ್ಕು ದಿನದಲ್ಲಿ ಪೊಲೀಸರು ನನ್ನನ್ನು ಜಪ್ತಿ ಮಾಡಿದರು. ಪಂಚನಾಮೆ ಬರೆದು, ಕೊರಳಿಗೆ ಚೀಟಿ ಕಟ್ಟಿ, ಕೇಸಿನ ಸಾಕ್ಷ್ಯವಾದ ವಸ್ತು ಎಂಬರ್ಥದಲ್ಲಿ ಮುದ್ದೆಮಾಲು ಎಂದು ಹೆಸರಿಟ್ಟು ಕತ್ತಲ ಕೋಣೆಗೆ ತಳ್ಳಿದರು. ಅಕ್ಕಪಕ್ಕದಲ್ಲಿ ಚೈನಿಲ್ಲದ ಸೈಕಲ್ಲು, ಒಡೆದ ಪೆಟ್ಟಿಗೆ, ಒಂದು ಕೊಡಲಿ. ನನ್ನ ಮೈಗೆ ತುಕ್ಕು ಹತ್ತಿತು. ಸೂಜಿ ಅದಿದ್ದಲ್ಲೇ ಕಚ್ಚಿಕೊಂಡಿತು. ಏಕನಾಥನಿಗೆ ಏಳು ವಾರದ ನಂತರ ಜಾಮೀನು ಸಿಕ್ಕಿದ್ದು ನನಗೆ ಆಗ ತಿಳಿಯಲಿಲ್ಲ. ನಾವಿಬ್ಬರೂ ಮತ್ತೆ ಎದುರಾದದ್ದು ಸುಮಾರು ಎರಡು ವರ್ಷದ ಮೇಲೆ, ಸೆಷನ್ಸ್ ಕೋರ್ಟಿನಲ್ಲಿ.

ಇಬ್ಬರು ಪೇದೆಗಳು ನನ್ನನ್ನು ಹೊತ್ತುತಂದು ನೆಲಕ್ಕಿಟ್ಟರು. ಆರೋಪಿಗಳ ಸಾಲಿನ ಕೊನೆಯಲ್ಲಿ ಏಕನಾಥ ನಿಂತಿದ್ದ. ಬಹಳ ಸೊರಗಿದ್ದ. ಮೇಜಿನ ಮೇಲೆ ಖಾಕಿ ಅಂಗಿಗಳು, ಪ್ಯಾಂಟುಗಳು. ಕುರಹಟ್ಟಿಯವರು ಎದ್ದು ತನಿಖೆ ಮಾಡಿದ ಇನ್‌ಸ್ಪೆಕ್ಟರರನ್ನು ಕೇಳಿದರು.

"ಸಾಹೇಬ್ರ, ಈ ಅಂಗಿಗಳ ಕಾಜಾ ಕೈಯಿಂದ ಹಾಕಿದ್ದೋ, ಮಷಿನ್ ಕಾಜಾನೋ?"

"ನೋಡಿಲ್ಲ."

"ಒಳಗಿನ ಅಂಚಿಗೆ ಎಳಿ ಬಿಚ್ಚದಂಗ ಸುತ್ತಿದ ಓವರ್‌ಲಾಕ್ ಹೊಲಿಗಿ ಐತಿ. ಅದನ್ನ ಈ ಮಷಿನ್ ಮಾಡತೈತೇನು?"

"ತಜ್ಞರಿಗೆ ಕೇಳಿಲ್ಲ."

ಅವರು ಒಂದು ಪ್ಯಾಂಟಿನ ಕೆಳತುದಿ ಹಿಡಿದೆತ್ತಿದರು. ಅದು ನನ್ನದೇ ಹೊಲಿಗೆ.

"ಈ ಮಡಿಕಿ ಮಾತ್ರ ನಮ್ಮ ಕಕ್ಷಿದಾರನ ಕೆಲಸ, ನಾವು ಒಪ್ಪತೇವಿ" ಎಂದರು.

ಹಾಲಿನಲ್ಲಿ ಗುಸುಗುಸು ಎದ್ದಿತು. ಸರ್ಕಾರಿ ವಕೀಲರು ತಲೆಯೆತ್ತಿ ನೋಡಿದರು. ಹಿಂದಿನ ಬೆಂಚಿನಲ್ಲಿ ವಿಠೋಬ ಹಣೆಗೆ ಕೈ ಹಚ್ಚಿಕೊಂಡ. ಇಂದುಬಾಯಿ ಮಾತ್ರ ಅಲುಗಲಿಲ್ಲ. ಕುರಹಟ್ಟಿಯವರು ನ್ಯಾಯಾಧೀಶರ ಅನುಮತಿ ಕೇಳಿ, ಬ್ಲೇಡಿನಿಂದ ನಾಲ್ಕು ಹೊಲಿಗೆ ಬಿಡಿಸಿದರು. ಒಳಗೆ ಮಡಚಿದ್ದ ಬಟ್ಟೆ ಜಾರಿ ಕೆಳಗಿಳಿಯಿತು. ಅದರ ತುದಿಯಲ್ಲಿ ಕಾರ್ಖಾನೆಯ ಹಳೆಯ ಹೊಲಿಗೆ ಹಾಗೇ ಇತ್ತು.

"ಸಾಹೇಬ್ರ, ಮೈಅಳತಿ ತಗೊಂಡು ಪ್ಯಾಂಟ್ ಹೊಲದಾಂವ, ತಾನ ಹೊಲದಿದ್ದನ್ನ ಮತ್ತ ಯಾಕ ಗಿಡ್ಡ ಮಾಡತಾನ?"

ಇನ್‌ಸ್ಪೆಕ್ಟರರು ಆ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಅವರು ಕೆಟ್ಟವರಾಗಿರಲಿಲ್ಲ, ಅವಸರ ಮಾಡಿದ್ದರು. "ಇದು ರೆಡಿಮೇಡ್ ಪ್ಯಾಂಟ್ ಇರಬಹುದು" ಎಂದು ಕೊನೆಗೆ ಒಪ್ಪಿಕೊಂಡರು. ಮುಂದಿನ ತಾರೀಖಿಗೆ ಹೊಲಿಗೆ ಕಲಿಸುವ ಶಿಕ್ಷಕಿಯೊಬ್ಬರು ಬಂದು, ನನಗೆ ಎಣ್ಣೆ ಬಿಟ್ಟು, ನನಗೆ ಬರುವುದು ನೇರ ಹೊಲಿಗೆ ಮಾತ್ರ ಎಂದು ಎಲ್ಲರ ಮುಂದೆ ನನ್ನನ್ನು ನಡೆಸಿ ತೋರಿಸಿದರು. ಎರಡು ವರ್ಷದ ತುಕ್ಕು ಹಿಡಿದಿದ್ದರೂ ನಾನು ಒಂದು ದಾರ ತಪ್ಪಿಸಲಿಲ್ಲ.

ತೀರ್ಪಿನ ದಿನ ಸಿಕ್ಕಿಬಿದ್ದಿದ್ದ ದರೋಡೆಕೋರರಿಗೆ ಶಿಕ್ಷೆಯಾಯಿತು. ಏಕನಾಥ ಬಿಡುಗಡೆಯಾದ.

ಕೋರ್ಟಿನ ಆದೇಶ ಹಿಡಿದು ಅವರು ನನ್ನನ್ನು ಕೈಗಾಡಿಯಲ್ಲಿ ಮನೆಗೆ ತಂದರು. ಏಕನಾಥ ಸೀಮೆಎಣ್ಣೆಯಿಂದ ನನ್ನ ಮೈಯೆಲ್ಲ ಒರೆಸಿದ. ಆದರೆ ಬಹಳ ದಿನ ಅವನ ತುಳಿತ ಲಯ ತಪ್ಪುತ್ತಿತ್ತು. ಹೊರಗೆ ಬೂಟಿನ ಸದ್ದಾದರೆ ತುಳಿತ ನಿಲ್ಲುತ್ತಿತ್ತು. ಆಗೆಲ್ಲ ಇಂದುಬಾಯಿ ಬಂದು ನನ್ನ ಮುಂದೆ ಕೂಡುತ್ತಿದ್ದಳು, ಅವನು ಕತ್ತರಿ ಹಿಡಿಯುತ್ತಿದ್ದ. ಹೀಗೆ ಅಂಗಡಿ ಇಬ್ಬರದಾಯಿತು. ಸಿಟ್ಟಾಗಿದ್ದ ವಿಠೋಬನೂ ತಾನಾಗಿಯೇ ಮನೆಗೆ ಬರತೊಡಗಿದ. ವರ್ಷ ಕಳೆಯುವಷ್ಟರಲ್ಲಿ ಏಕನಾಥನ ಪಾದ ತನ್ನ ಹಳೆಯ ಲಯಕ್ಕೆ ಬಂತು.

ಈಗ ನನಗೆ ವಯಸ್ಸಾಗಿದೆ. ಅಂಗಡಿಯಲ್ಲಿ ಕರೆಂಟಿನ ಮಷಿನುಗಳು ಬಂದಿವೆ, ನಾಲ್ಕು ಹೆಣ್ಣುಮಕ್ಕಳು ಕೆಲಸ ಕಲಿಯುತ್ತಾರೆ. ನನ್ನನ್ನು ಬಾಗಿಲ ಬಳಿ ಇಟ್ಟಿದ್ದಾರೆ. ಗಟ್ಟಿ ಬಟ್ಟೆ ಬಂದರೆ ಮಾತ್ರ ಕರೆ ಬರುತ್ತದೆ.

ಹೋದ ತಿಂಗಳು ಕುರಹಟ್ಟಿಯವರು ಬಂದಿದ್ದರು. ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದಾರೆ. ತಮ್ಮ ಕರಿ ಕೋಟು ತಂದಿದ್ದರು. ಮೊಮ್ಮಗಳು ವಕೀಲಿ ಸುರು ಮಾಡುತ್ತಾಳಂತೆ, ಅವಳ ಅಳತೆಗೆ ಚಿಕ್ಕದು ಮಾಡಬೇಕಂತೆ. ಚಹಾ ಕುಡಿಯುತ್ತ ಕೇಳಿದರು.

"ತಂಗಿ, ಅವತ್ತ ಅಷ್ಟು ಮಂದಿ ವಕೀಲರೊಳಗ ನನ್ನನ್ನ ಯಾಕ ಆರಿಸಿದಿ? ನಾ ಏಳು ಪ್ರಶ್ನೆ ಕೇಳಿದ್ದಕ್ಕ ಅಂತ ನಿಮ್ಮ ಅತ್ತಿ ಹೇಳಿದ್ರು."

ಇಂದುಬಾಯಿ ಕೋಟಿನ ಹೊಲಿಗೆ ಬಿಚ್ಚುತ್ತಿದ್ದವಳು ತಲೆಯೆತ್ತಲಿಲ್ಲ.

"ಅದು ಮೊದಲನೇ ದಿನದ್ದು, ಸಾಹೇಬ್ರ. ಎರಡನೇ ದಿನ ನೀವು ಒಂದು ಕೇಸ್ ಸೋತಿರಿ. ನಿಮ್ಮ ಕಕ್ಷಿದಾರ ಹುಡುಗನ್ನ ಜೈಲಿಗೆ ಕರಕೊಂಡು ಹ್ವಾದ್ರು. ಎಲ್ಲಾರೂ ಊಟಕ್ಕ ಎದ್ದು ಹ್ವಾದ ಮ್ಯಾಲೂ ನೀವು ಅವನ ಅವ್ವನ ಬಾಜೂಕ ನೆಲದ ಮ್ಯಾಲ ಕುಂತು, ಮುಂದಿನ ಕೋರ್ಟ್ ಯಾವುದು, ಏನು ಮಾಡಬೇಕು ಅಂತ ಆಕಿಗೆ ತಿಳಿಯೂತನಕ ಹೇಳಿದ್ರಿ. ಸೋತರೂ ಬಿಟ್ಟು ಹೋಗೂ ಮನಷ್ಯಾ ಅಲ್ಲ ಅನಿಸ್ತು."

ಕುರಹಟ್ಟಿಯವರು ಚಹಾದ ಕಪ್ಪು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು.

ಕೋಟಿನ ಬಟ್ಟೆ ದಪ್ಪ. ಏಕನಾಥ ಅದನ್ನು ನನ್ನ ಬಳಿಗೇ ತಂದ. ಸೂಜಿಗೆ ಕರಿ ದಾರ ಪೋಣಿಸಿ ಮೆಲ್ಲಗೆ ತುಳಿದ. ನಾಳೆ ಇದನ್ನು ತೊಟ್ಟ ಹುಡುಗಿಯೊಬ್ಬಳು ಯಾರದೋ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಅಂಜಿದವರ ಮಾತನ್ನು ಕೊನೆಯವರೆಗೆ ಕೇಳುತ್ತಾಳೆ ಎಂದುಕೊಂಡೆ. ತೋಳಿನ ಹೊಲಿಗೆ ಬಿಚ್ಚದಿರಲೆಂದು, ಏಕನಾಥ ಅದರ ಮೇಲೆ ಇನ್ನೊಂದು ಸಲ ನನ್ನನ್ನು ಓಡಿಸಿದ.