ಹಂಡೆಯ ಕೆಳಗಿನ ಬೂದಿ

“ಅಲ್ಲೇ ನಿಂದರ್ರಿ ಅಳೇರ,” ಎಂದಳು ಅತ್ತೆ ಹುಲಿಗೆವ್ವ. ಧರ್ಮರಾಜನ ಒಂದು ಕಾಲು ಆಗಲೇ ಬಾಣಂತಿ ಕೋಣೆಯ ಹೊಸ್ತಿಲು ದಾಟಿತ್ತು. ಹಿಂದಕ್ಕೆ ತೆಗೆದುಕೊಂಡ.

ಕೈಗಾದ ಅಣುಸ್ಥಾವರದಲ್ಲಿ ಫಿಟ್ಟರ್ ಆಗಿರುವ ಅವನಿಗೆ ಸಿಕ್ಕಿದ್ದು ಎರಡೇ ದಿನದ ರಜೆ. ಮೂರು ಬಸ್ಸು ಬದಲಿಸಿ ಇಟ್ಟಂಗಿಹಾಳದ ಅತ್ತೆಮನೆ ಮುಟ್ಟಿದ್ದ. ಹನ್ನೊಂದು ದಿನದ ಮಗಳನ್ನು ಫೋನಿನಲ್ಲಷ್ಟೇ ಕಂಡಿದ್ದ. ಹೊರಗಿಂದ ಬಂದವರು ಕೈಕಾಲು ತೊಳೆಯದೆ ಕೂಸನ್ನು ಮುಟ್ಟುವಂತಿಲ್ಲವೆಂದು ಮೂರು ಸಲ ತೊಳೆದ, ಜಳಕವನ್ನೂ ಮಾಡಿದ. ಹುಲಿಗೆವ್ವ ಬಾಗಿಲು ಬಿಡಲಿಲ್ಲ.

“ಆ ಅಣುವಿನ ವಿಷ ತೊಳದ್ರ ಹೋಗಂಗಿಲ್ಲಂತ. ಓಣ್ಯಾಗ ಎಲ್ಲಾರೂ ಅಂತಾರ.”

“ಅವರೇನ್ ರೋಗ ತಂದಾರೇನಬೇ?” ಒಳಗಿನಿಂದ ಹೆಂಡತಿ ಆಮ್ರಪಾಲಿ ಕೇಳಿದಳು.

“ನೀ ಸುಮ್ನಿರು.”

ಊರ ಬಾಯಿಗೆ ಬೀಗ ಹಾಕುವವರು ಯಾರು? ಧರ್ಮರಾಜನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಎರಡನ್ನೂ ನುಂಗಿ ಬಚ್ಚಲೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಕೂಸಿಗೆ ಎರೆಯಲು ಹಂಡೆಯಲ್ಲಿ ನೀರು ಕಾಯುತ್ತಿತ್ತು. ಉರಿ ಸರಿಮಾಡಲು ಹುಲಿಗೆವ್ವ ಬಂದು ಪಕ್ಕದಲ್ಲಿ ಕುಳಿತಳು.

“ಇಲ್ಲಿ ನೋಡ್ರಿ ಅತ್ತಿ. ನಿಮ್ಮ ಒಲಿಗೆ ಕಟಗಿ, ನಮ್ಮ ಒಲಿಗೆ ಯುರೇನಿಯಂ ಕಡ್ಡಿ. ಅದರಾಗಿನ ಅಣು ಒಡದ್ರ ಕಾವು ಹುಟ್ಟತೈತಿ. ಆ ಕಾವಿಗೆ ನೀರು ಕುದಿತೈತಿ, ಉಗಿ ಚಕ್ರ ತಿರಗಸತೈತಿ, ಚಕ್ರ ತಿರಗಿದ್ರ ಕರೆಂಟು. ಕಡ್ಡಿ ಇರೂ ನೀರು ಬ್ಯಾರೆ, ಉಗಿ ಆಗೂ ನೀರು ಬ್ಯಾರೆ. ಹೊರಗ ಬರೂಮುಂದ ನಾವೂ ಕೈಕಾಲು ಮಷಿನಿಗೆ ತೋರಸ್ಬೇಕು. ಮೈಗೇನೂ ಅಂಟಿಲ್ಲಂತ ಅದು ಹೂಂ ಅಂದ್ರನ ಬಿಡ್ತಾರ.”

ನಲವತ್ತು ವರ್ಷ ಒಲೆ ಉರಿಸಿದ ಹುಲಿಗೆವ್ವ ಬೆಂಕಿಯ ವಿಷಯದಲ್ಲಿ ಮೋಸಹೋಗುವವಳಲ್ಲ.

“ಅದೆಲ್ಲಾ ಖರೆ. ಬೂದಿ ಎಲ್ಲಿ ಚೆಲ್ಲತೀರಿ?”

ಇಲ್ಲೊಂದು ಸುಳ್ಳು ಹೇಳಿದ್ದರೆ ಧರ್ಮರಾಜನ ಕೆಲಸ ಹಗುರಾಗುತ್ತಿತ್ತು.

“ಚೆಲ್ಲಾಕ ಬರಂಗಿಲ್ರಿ. ಸುಟ್ಟ ಕಡ್ಡೀನ ನೀರಿನ ಹೊಂಡದಾಗ ಮುಳುಗಿಸಿ ಇಡ್ತಾರ. ಆಮ್ಯಾಲೂ ಕಾಯ್ಕೋತ ಇರಬೇಕು.”

“ಎಲ್ಲೀತನಾ?”

“ನಿಮ್ಮ ಮೊಮ್ಮಗಳು ಮುದುಕಿ ಆದ ಮ್ಯಾಲೂ ಯಾರಾರ ಕಾಯಬೇಕ್ರಿ.”

ಒಲೆಯಿಂದ ಕೆಂಡವೊಂದು ಜಾರಿ ಅವನ ಬರಿಗಾಲ ಹತ್ತಿರ ಬಿತ್ತು. ಹುಲಿಗೆವ್ವ ಅದನ್ನು ಇಕ್ಕಳದಿಂದ ಎತ್ತಿ ಒಳಗೆ ಹಾಕಿದಳು. ಎದ್ದು ಕೋಣೆಗೆ ಹೋದವಳು ಕೂಸನ್ನು ಒಂದು ತೋಳಲ್ಲಿ ಅವುಚಿಕೊಂಡು ಹೊಸ್ತಿಲಿಗೆ ಬಂದಳು.

“ಕೈ ತೋರಸ್ರಿ.”

ಅವನು ಎದ್ದು ಬಂದು ಎರಡೂ ಅಂಗೈ ಚಾಚಿದ. ಹುಲಿಗೆವ್ವ ಒಂದೊಂದನ್ನೇ ತಿರುವಿ ನೋಡಿದಳು, ಬೆರಳ ಸಂದಿಯನ್ನೂ ಬಿಡಲಿಲ್ಲ. ಸೆರಗಿನಿಂದ ಒರೆಸಿದಳು.

“ಹೂಂ,” ಎಂದಳು.

ಅವನ ಕೈಯಲ್ಲಿ ಕೂಸಿನ ಮೈ ಬೆಚ್ಚಗಿತ್ತು.